ಡ್ರಿಲ್ ಮೇಷ್ಟ್ರು ನಡೆದ ಮೂರೂವರೆ ಮೈಲಿ

ಡ್ರಿಲ್ ಮೇಷ್ಟ್ರು ನಮ್ಮೂರಿಗೆ ನಡೆದುಕೊಂಡು ಹೋಗುವುದು ಆಗದ ಮಾತು ಎಂದವರು ನಮ್ಮ ಹೈಸ್ಕೂಲಿನ ಗುಮಾಸ್ತರು. ಹಾಗೆನ್ನುವಾಗ ಅವರ ಕಣ್ಣು ಮೇಷ್ಟ್ರ ಬೆಲ್ಟಿನ ಮೇಲಿತ್ತು. ಆ ಬೆಲ್ಟಿಗೆ ಅಂಗಡಿಯಿಂದ ಬಂದಾಗ ಇದ್ದ ತೂತು ಐದು. ಚಪ್ಪಲಿ ಹೊಲಿಯುವವನ ದಬ್ಬಣದಿಂದ ಆಮೇಲೆ ಹಾಕಿಸಿಕೊಂಡದ್ದು ನಾಲ್ಕು, ಅವು ಸಾಲಿಗೆ ಬಾರದೆ ಅಂಕುಡೊಂಕಾಗಿದ್ದವು. ಖಾಕಿ ಚಡ್ಡಿ, ಬಿಳಿ ಅಂಗಿ, ಕೊರಳಲ್ಲಿ ಸೀಟಿ. ಬೇರೆಯವರ ಎದೆಯ ಮೇಲೆ ತೂಗಾಡುವ ಸೀಟಿ ಇವರ ಹೊಟ್ಟೆಯ ಮೇಲೆ ಮಲಗಿರುತ್ತಿತ್ತು.

ಅವರು ನಡೆದರೆ ನಾನು ಕಾಲೇಜಿಗೆ, ಇಲ್ಲದಿದ್ದರೆ ಇಲ್ಲ. ಹಾಗೆ ನಿಂತಿತ್ತು ಸಂಗತಿ.

ನಲವತ್ತೈದರ ಆಸುಪಾಸಿನ ಮನುಷ್ಯ. ಆಟದ ಬಯಲಿನ ಹೊಂಗೆ ಮರದ ಕೆಳಗೆ ಒಂದು ಚಪ್ಪಡಿ ಕಲ್ಲಿತ್ತು. ಅದರ ಮೇಲೆ ಕೂತೇ ಡ್ರಿಲ್ ಮಾಡಿಸುತ್ತಿದ್ದರು. ಮಡಿಲಲ್ಲಿ ಹುರಿದ ಕಡಲೆಕಾಯಿ. "ಸೀಟಿ ಊದೋದೇನು ಕಡಮೆ ಕಸರತ್ತೇನ್ರೋ? ಉಸಿರು ಖರ್ಚಾಗುತ್ತೆ" ಎನ್ನುವರು. ಬೆಳಿಗ್ಗೆ ನಡೆಯಬಾರದೇ ಎಂದರೆ ಮಂಜು ತಲೆಗಿಳಿಯುತ್ತದೆ. ಸಂಜೆ ಎಂದರೆ ಈಗ ತಾನೇ ತಿಂಡಿಯಾಗಿದೆ. "ವಯಸ್ಸಲ್ಲಿ ದಿನಕ್ಕೆ ಮುನ್ನೂರು ಬಸ್ಕಿ ಹೊಡ್ದಿದ್ದೀನಿ. ಅದೆಲ್ಲ ಮೈಯಲ್ಲೇ ಐತೆ, ಮೊದಲು ಅದು ಮುಗೀಲಿ."

ಮೂರನೇ ಮುದ್ದೆಗೂ ಅವರಲ್ಲಿ ನ್ಯಾಯವಿತ್ತು. ಎರಡು ಉಂಡಾಗ ಸಾರು ಮಿಗುತ್ತದೆ, ಅನ್ನದೇವರನ್ನು ಚೆಲ್ಲಬಾರದು, ಆದ್ದರಿಂದ ಇನ್ನೊಂದು. ಆಗ ಸಾರು ಸಾಲದೇ ಬಂದರೆ ಅದು ಹೆಂಡತಿಯ ತಪ್ಪು. ಆದರೆ ಎಲ್ಲಕ್ಕಿಂತ ದೊಡ್ಡ ನೆಪವನ್ನು ಅವರು ನಮ್ಮ ಕಡೆಯ ರೇಷ್ಮೆ ಹುಳದಿಂದಲೇ ತೆಗೆದಿದ್ದರು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಮನೆಯೊಳಗೆ ಮಳೆ ಬಂದಂತೆ ಕೇಳುತ್ತದೆ.

"ನನಗೂ ನಾಲ್ಕು ಜ್ವರ ಎದ್ದಾಯ್ತು ಕಣಪ್ಪ. ಇನ್ನೇನಿದ್ರೂ ತಿನ್ನೋ ಕಾಲ."

"ಆಮೇಲೆ ಗೂಡು ಕಟ್ಟಬೇಕಲ್ಲ ಮೇಷ್ಟ್ರೇ?" ಎಂದು ಗುಮಾಸ್ತರು ಕೆಣಕಿದರೆ, "ಕಟ್ಟಣ ಬಿಡ್ರಿ, ಏನೀಗ ಅವಸರ?"

ಅವರು ತೀರಿಕೊಂಡಾಗ ನಾನು ಚಿಂತಾಮಣಿಯಲ್ಲಿ ಕೆಲಸದಲ್ಲಿದ್ದೆ. ಸುದ್ದಿ ತಂದವನು, ತಿಂದು ತಿಂದೇ ಹೋದರು ಎಂದ. "ತಿನ್ನೋಕಿಲ್ದೆ ಹೋದೋರು ನಮ್ಮನೇಲೇ ಇದ್ದಾರೆ. ಅವರ ವಿಚಾರ ಯಾರೂ ಇಷ್ಟು ಬಾಯಿಬಿಟ್ಟು ಮಾತಾಡಲ್ಲ" ಎಂದೆ. ಇವತ್ತಿಗೂ ಆ ಮಾತಿಗೆ ನಾನು ಬದ್ಧ. ಡಾಕ್ಟರು ಈಗ ನನಗೂ ನಡೆಯಿರಿ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ನಡೆದದ್ದು ಈ ಜನ್ಮಕ್ಕೆ ಸಾಕು ಎನ್ನುತ್ತೇನೆ. ಯಾರಿಂದ ಕಲಿತೆನೆಂದು ಅವರಿಗೆ ಹೇಳುವುದಿಲ್ಲ.

ನಮ್ಮೂರು ಹೈಸ್ಕೂಲಿದ್ದ ಶಿಡ್ಲಘಟ್ಟದಿಂದ ಜಂಗಮಕೋಟೆ ಕಡೆಗೆ ಮೂರೂವರೆ ಮೈಲಿ. ಮನೆಯಲ್ಲಿ ಅಜ್ಜಿ, ನಾನು, ಹುಳದ ತಟ್ಟೆಗಳು. ಅಪ್ಪ ಅಮ್ಮ ನಾನು ಸಣ್ಣವನಿದ್ದಾಗಲೇ ತೀರಿಹೋಗಿದ್ದರು. ಸಂಜೆ ನಾಲ್ಕಕ್ಕೆ ಡ್ರಿಲ್. ಅದೇ ಹೊತ್ತಿಗೆ ಹೊರಟರೆ ಮಾತ್ರ ಬೆಳಕಿರುವಾಗ ಸೊಪ್ಪು ಕೊಯ್ಯಲು ಆಗುತ್ತಿತ್ತು. ಮೇಷ್ಟ್ರಿಗೆ ಹೇಳಿದೆ. ಅವರು ಕಡಲೆಕಾಯಿ ಸಿಪ್ಪೆ ಊದುತ್ತಾ, "ದಿನಾ ಏಳು ಮೈಲಿ ನಡೆಯೋನಿಗೆ ನಾನೇನೋ ಕಲಿಸ್ಲಿ? ಹೋಗು" ಎಂದು ರಿಜಿಸ್ಟರಿನಲ್ಲಿ ಹಾಜರಿ ಹಾಕಿದರು. ಮೂರು ವರ್ಷ ಹಾಕಿದರು.

ಕೊನೆಯ ವರ್ಷ ಬಂದ ಹೆಡ್‌ಮಾಸ್ತರು ಒಣಕಲು ಮನುಷ್ಯ, ಸೈಕಲ್ಲಿನಲ್ಲೇ ಓಡಾಡುವವರು. ಒಂದು ಸಂಜೆ ರಸ್ತೆಯಲ್ಲಿ ಸೊಪ್ಪಿನ ಹೊರೆ ಹೊತ್ತ ನನ್ನನ್ನು ನೋಡಿದರು. ಮರುದಿನ ರಿಜಿಸ್ಟರು ತರಿಸಿ ನೋಡಿದರೆ ನಾನು ಡ್ರಿಲ್ಲಿನಲ್ಲಿದ್ದೇನೆ. ಆಗ ಏನೂ ಅನ್ನಲಿಲ್ಲ. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟಿಗೆ ಹೋದಾಗ ಅಂದರು. ಅದರಲ್ಲಿ ವ್ಯಾಯಾಮ ಎಂದೊಂದು ಕಾಲಂ. ಅದು ಖಾಲಿ. ಖಾಲಿಯಿದ್ದರೆ ಕಾಲೇಜಿನವರು ತೆಗೆದುಕೊಳ್ಳುವುದಿಲ್ಲ. ಕಾಲೇಜಿಗೆ ಸೇರಲು ಸೋಮವಾರವೇ ಕೊನೆಯ ದಿನ, ಅವತ್ತು ಶನಿವಾರ.

ಮೇಷ್ಟ್ರನ್ನು ಕರೆಸಿದರು.

"ಏಳು ಮೈಲಿ ನಡೆಯೋ ಹುಡುಗ ಸಾರ್" ಎಂದರು ಮೇಷ್ಟ್ರು.

"ಏಳು ಅಂತ ನಿಮಗೆ ಹೇಗೆ ಗೊತ್ತು?"

"ಅವನೇ ಹೇಳಿದ್ದು."

"ನೀವು ನಡೆದು ನೋಡಿ. ಇವನ ಮನೆ ಬಾಗಿಲಲ್ಲಿ ನಿಂತು ಕಾಲಂ ತುಂಬಿ ಕೊಡಿ. ನನ್ನ ಸಹಿ ಹಾಕಿದ್ದೀನಿ. ಬಸ್ಸು, ಜಟಕಾ ಎರಡೂ ಇಲ್ಲ."

ಆಗದ ಮಾತು ಎಂದು ಗುಮಾಸ್ತರು ಅಂದದ್ದು ಆವಾಗ. ಮೇಷ್ಟ್ರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನಾನು ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದಾಗ ಎಂಟನೇ ಇಡ್ಲಿ ನಡೆದಿತ್ತು. "ದಾರಿಗೆ ಬೇಕಲ್ಲಪ್ಪ."

ಊರು ದಾಟುವ ಮೊದಲೇ ಒಂದು ಮರದ ಕೆಳಗೆ ನಿಂತರು. "ಸುಸ್ತಾಗಿಲ್ಲ. ಇದು ಯಾವ ಮರ ಅಂತ ನೋಡ್ತಿದ್ದೀನಿ."

"ಹೊಂಗೆ ಸಾರ್. ನೀವು ದಿನಾ ಕೂರೋದೂ ಇಂಥ ಮರದ ಕೆಳಗೇ."

"ಹೌದಾ? ಇನ್ನೊಂಚೂರು ನೋಡ್ತೀನಿ."

ಒಂದು ಮೈಲಿಗೆ ಮಾತು ನಿಂತಿತು. ಎರಡಕ್ಕೆ ಅಂಗಿ ಬೆನ್ನಿಗಂಟಿತು. ಬಲಗಾಲು ಎಳೆಯುತ್ತಿದ್ದರು. ಹಿಂದಿನಿಂದ ನಮ್ಮೂರಿನ ಗಾಡಿಯೊಂದು ಬಂತು, ಪೇಟೆಗೆ ರೇಷ್ಮೆಗೂಡು ಹಾಕಿ ಬರಿದಾಗಿ ಮರಳುತ್ತಿದ್ದ ಗಾಡಿ. "ಎಕ್ಕಂಡಿ ಮೇಷ್ಟ್ರೇ. ಗಾಡಿ ಖಾಲಿ ಐತೆ, ಹತ್ತಿ" ಎಂದು ಗಾಡಿಯವನು ಎತ್ತು ನಿಲ್ಲಿಸಿದ.

ಮೇಷ್ಟ್ರು ಗಾಡಿಯ ಅಡ್ಡೆಯ ಮೇಲೆ ಕೈಯಿಟ್ಟರು. ನಾನೇ ಅಂದುಬಿಟ್ಟೆ, "ಹತ್ತಿ ಸಾರ್. ಇಲ್ಲಿ ಯಾರೂ ನೋಡಲ್ಲ."

ಅವರು ನನ್ನ ಮುಖ ನೋಡಿದರು. ನನಗೆ ನೆಲ ನೋಡುವಂತಾಯಿತು. ಆಮೇಲೆ ಗಾಡಿಯವನಿಗೆ, "ನೀನು ನಡಿಯಪ್ಪ. ಗಾಡಿ ಕುಲುಕಿದ್ರೆ ನನಗೆ ಹಸಿವು ಸಾಯುತ್ತೆ. ಇವರಜ್ಜಿ ಮುದ್ದೆ ಮುಂದೆ ಮರ್ಯಾದೆ ಹೋಗುತ್ತೆ" ಎಂದರು.

ಕೂತಲ್ಲಿಂದ ಏಳದಿರಲು ಅವರು ಹೇಳಿದ ನೆಪಗಳನ್ನು ಮೂರು ವರ್ಷ ಕೇಳಿದ್ದೆ. ನಡೆಯುವುದಕ್ಕೆ ನೆಪ ಹೇಳಿದ್ದು ಅದೊಂದೇ ಸಲ.

ಉಳಿದ ಒಂದೂವರೆ ಮೈಲಿಗೆ ಎರಡು ಗಂಟೆ ಹಿಡಿಯಿತು. ಕೊನೆಗೆ ಚಪ್ಪಲಿ ಕೈಗೆ ತೆಗೆದುಕೊಂಡರು. ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಧೂಳು ಮೆತ್ತಿಕೊಂಡಿತ್ತು. ಸಾಕು ಸಾರ್ ಎನ್ನಲು ನನಗೆ ಬಾಯಿ ಬರಲಿಲ್ಲ, ನನಗೆ ಆ ಕಾಗದ ಬೇಕಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡ ಮೊದಲನೆಯವನು ನಾನು. ಆ ಎರಡಕ್ಷರಕ್ಕೆ ನಾನು ಸವೆಸಿದ ಕಾಲು ಎಷ್ಟೋ ಇರಬಹುದು, ಆ ದಿನ ಸವೆದದ್ದು ಅವರದು.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನೀರು ಕೊಟ್ಟಳು. ಎರಡು ಚೊಂಬು ಕುಡಿದರು.

"ಮುದ್ದೆ ಆಗೈತೆ, ಒಳಗೆ ಬಾರಪ್ಪ."

"ಮೊದಲು ಇದು ತಾಯಿ. ಉಂಡ್ರೆ ನನಗೆ ನಿದ್ದೆ ಬರುತ್ತೆ."

ಜಗಲಿಯ ಮೇಲೆ ಕೂತು, ಬೆವರಿನಿಂದ ಅಂಚು ಒದ್ದೆಯಾಗಿದ್ದ ಕಾಗದವನ್ನು ತೊಡೆಯ ಮೇಲೆ ಸವರಿ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: "ದಿನಕ್ಕೆ ಏಳು ಮೈಲಿ. ನಾನೇ ನಡೆದು ನೋಡಿದ್ದೇನೆ."

ಅದನ್ನು ನನಗೆ ಕೊಡಲಿಲ್ಲ. ಎದ್ದು ನಿಂತು ಎರಡು ಕೈಯಲ್ಲೂ ಹಿಡಿದು ಅಜ್ಜಿಗೆ ಕೊಟ್ಟರು. ಓದಲು ಬಾರದ ಅಜ್ಜಿ ಕಾಗದವನ್ನು ಬೆಳಕಿಗೆ ಹಿಡಿದಳು, ತಿರುಗಿಸಿ ಹಿಂಬದಿ ನೋಡಿದಳು, ಆಮೇಲೆ ಮೇಷ್ಟ್ರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಎಷ್ಟು ತೆಳ್ಳಗೈತೆ ಇದು" ಎಂದಳು. "ಇದನ್ನ ಹೊತ್ಕೊಂಡು ಬರೋಕೆ ಇಂಥ ಆಳೇ ಬೇಕಿತ್ತು ಬಿಡಪ್ಪ."