ಲಾಲಪ್ಪನ ಹಸಿರು ಮದುಮಗ

ಕಲ್ಯಾಣ ಮಂಟಪದ ಬಾಗಿಲಿಗೆ ಫ್ಲೆಕ್ಸ್ ಕಟ್ಟಿ, ಹಗ್ಗ ಜಗ್ಗಿ ಬಿಚ್ಚಿದಾಗ ಗುರುರಾಜರಿಗೆ ತಮ್ಮ ಮುಖವೇ ಗುರುತು ಸಿಗಲಿಲ್ಲ. 'ಸ್ವಾಗತ ಕೋರುವವರು' ಎಂಬ ಸಾಲಿನ ಪಕ್ಕದ ವೃತ್ತದೊಳಗೆ ಎಳೆ ಹೀರೇಕಾಯಿ ಬಣ್ಣದ ಗಂಡಸೊಬ್ಬ ಕೈಮುಗಿದು ನಿಂತಿದ್ದ. ಕನ್ನಡಕದಿಂದ ತಾವೇ ಎಂದು ಖಾತ್ರಿಯಾಯಿತು. ಅಡುಗೆಯವರು, ವಾಲಗದವರು, ಹೂವಿನವಳು ಎಲ್ಲರೂ ಒಮ್ಮೆ ಫ್ಲೆಕ್ಸನ್ನು, ಒಮ್ಮೆ ಅವರನ್ನು ನೋಡಿದರು.

"ಗುರೂ, ನಿನಗ ಕಾಮಣಿ ಏನರೆ ಆಗ್ಯದೇನೋ?" ಎಂದರು ಸೋದರತ್ತೆ.

"ಕಾಮಣಿ ಆದ್ರ ಹಳದಿ ಆಗ್ತಾರ ಅತ್ಯಾ."

"ಹಂಗಾದ್ರ ಇದು ಅದಕ್ಕಿಂತ ಮುಂದಿಂದು," ಎಂದು ಅತ್ತೆ ಮರುಕದಿಂದ ನಿಟ್ಟುಸಿರು ಬಿಟ್ಟರು.

ತಮ್ಮ ಮುಖ ಹೇಗಾದರೂ ಇರಲಿ. ಅದಕ್ಕೆ ಐವತ್ತು ದಾಟಿದೆ, ಇನ್ನು ಹಾಳಾಗುವುದೇನೂ ಉಳಿದಿಲ್ಲ. ಆದರೆ ನಡುವೆ ಮಗಳು ಸುಷಮಾಳ ಪಕ್ಕ ನಗುತ್ತಿದ್ದ ಅಳಿಯ ವಿಠಲ್ ಕೂಡ ಹಸಿರಾಗಿದ್ದ. ಸಂಜೆ ರಾಯಚೂರಿನಿಂದ ಬೀಗರ ದಿಬ್ಬಣ ಬರುವುದಿತ್ತು. ಲಗ್ನಪತ್ರಿಕೆಯಲ್ಲಿ ತಮ್ಮ ತವರಿನ ಹೆಸರು ಸಣ್ಣ ಅಕ್ಷರದಲ್ಲಿ ಬಂತೆಂದು ಬೀಗಿತ್ತಿ ಒಂದು ಏಕಾದಶಿಯಿಂದ ಇನ್ನೊಂದು ಏಕಾದಶಿಯವರೆಗೆ ಫೋನ್ ಎತ್ತಿರಲಿಲ್ಲ. ಈಗ ಮಗನನ್ನೇ ಗಿಳಿ ಮಾಡಿದ್ದನ್ನು ಕಂಡರೆ ಆಕೆ ಮಂಟಪದ ಮೆಟ್ಟಿಲು ಹತ್ತುವುದೇ ಅನುಮಾನ.

ಗುರುರಾಜರು ರೇಷ್ಮೆ ಧೋತರ ಎತ್ತಿ ಕಟ್ಟಿ, ಫ್ಲೆಕ್ಸನ್ನು ಚಾಪೆಯಂತೆ ಸುತ್ತಿಕೊಂಡು, ಆಟೋ ಹಿಡಿದು ಲಾಲಪ್ಪನ ಅಂಗಡಿಗೆ ಹೊರಟರು.

ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿರುವ ಆ ಅಂಗಡಿ ಆದೋನಿಗೆಲ್ಲ ಗೊತ್ತು. ಲಾಲಪ್ಪ ನಾಗಲದಿನ್ನೆಯವನು. ಮೀಸೆ ಮೂಡುವ ಮೊದಲೇ ಕುಂಚ ಹಿಡಿದು ಊರು ಬಿಟ್ಟವನು. ಲಾರಿಗಳ ಬೆನ್ನಿಗೆ ಹುಲಿ, ಕಮಲ, ಕೆಟ್ಟ ದೃಷ್ಟಿಗೆ ಶಾಪ ಬರೆದ. ಅಂಗಡಿಗಳ ಬೋರ್ಡುಗಳನ್ನು ಒಂದು ಮಗ್ಗುಲಿಗೆ ಕನ್ನಡದಲ್ಲಿ, ಇನ್ನೊಂದು ಮಗ್ಗುಲಿಗೆ ತೆಲುಗಿನಲ್ಲಿ ಬರೆದು, ಎರಡರಲ್ಲೂ ಬೈಸಿಕೊಂಡ. ಫ್ಲೆಕ್ಸ್ ಬಂದು ಕುಂಚದ ಅನ್ನ ಕಸಿದಾಗ ಅಳುತ್ತ ಕೂರದೆ ಹಳೆಯ ಕಂಪ್ಯೂಟರೊಂದನ್ನು ತಂದು ಟೇಬಲ್ಲಿನ ಮೇಲೆ ಕೂಡಿಸಿ, ಅದಕ್ಕೆ ಕುಂಕುಮ ಹಚ್ಚಿ, ಅದನ್ನೂ ಒಂದು ಗೋಡೆ ಎಂದೇ ತಿಳಿದು ಕೆಲಸ ಶುರು ಮಾಡಿದ. ಕಿವಿಯ ಮೇಲಿನ ಕುಂಚ ಮಾತ್ರ ಇಂದಿಗೂ ಇಳಿದಿಲ್ಲ. ಮೌಸ್ ಮಾತು ಕೇಳದಿದ್ದರೆ ಕುಂಚದ ಹಿಡಿಯಿಂದಲೇ ಒಂದು ಏಟು ಬೀಳುತ್ತದೆ.

ಗುರುರಾಜರು ಫ್ಲೆಕ್ಸನ್ನು ನೆಲದ ಮೇಲೆ ಹಾಸಿದರು. "ಏನಪ್ಪಾ ಇದು ಲಾಲಪ್ಪ?"

ಲಾಲಪ್ಪ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದ. "ಅಕ್ಷರ ಚಂದ ಬಂದಾವಲ್ರಿ ಸ್ವಾಮಿ."

"ಮುಖ ನೋಡೋ!"

"ಅದು ಅಂಜಿನಪ್ಪನ ಇಂಕ್ ರೀ." ಅಂಜಿನಪ್ಪನದು ಓಣಿಯ ತುದಿಯ ಪ್ರಿಂಟಿಂಗ್ ಮಷಿನ್. ಲಾಲಪ್ಪ ಮಾಡಿದ ಡಿಸೈನು ಅಲ್ಲಿ ಫ್ಲೆಕ್ಸಾಗುತ್ತದೆ. "ನನ್ನ ಕಡಿ ಬರ್ರಿ, ತೋರಸ್ತೀನಿ."

ಸ್ಕ್ರೀನಿನಲ್ಲಿ ನಿಜಕ್ಕೂ ಎಲ್ಲರೂ ಆರೋಗ್ಯವಾಗಿದ್ದರು. ವಿಠಲ್ ಇದ್ದದ್ದಕ್ಕಿಂತ ಬೆಳ್ಳಗೆ, ಗೋಧಿ ಬಣ್ಣಕ್ಕೆ ತಿರುಗಿದ್ದ. ಆದರೆ ಗುರುರಾಜರ ಕಣ್ಣು ಫೋಟೋದೊಳಗಿನ ತಮ್ಮ ಧೋತರಕ್ಕೆ ಬಿತ್ತು. ಬಿಳಿ ಧೋತರ ಗುಲಾಲು ಎರಚಿದಂತೆ ಕೆಂಪಗಿತ್ತು.

"ಇದ್ಯಾಕ ಹಿಂಗ?"

"ಎರಡು ತಿಂಗಳಿಂದ ಹಂಗ ಐತ್ರಿ. ಅದರ ಜಾಯಮಾನ. ಕೆಂಪು ಜಾಸ್ತಿ ಕಂಡ್ರ ನಾ ಮುಖಕ್ಕಷ್ಟ ಒಂಚೂರು ಹಸಿರು ಬೆರಸಿ ಹದ ಮಾಡ್ತೀನಿ. ಗೋಡಿ ನೋಡಿ ಬಣ್ಣ ಕಲಸಬೇಕ್ರಿ, ಡಬ್ಬಿ ನೋಡಿ ಅಲ್ಲ."

ಗುರುರಾಜರು ಗಂಟಲು ಸರಿಮಾಡಿಕೊಂಡರು. ಆಫೀಸಿನಲ್ಲಿ ಕಂಪ್ಯೂಟರಿನ ಜವಾಬ್ದಾರಿ ಅವರದೇ. ಅಂದರೆ ಕೋಣೆಯ ಬೀಗದ ಕೈ ಅವರ ಹತ್ತಿರ ಇರುತ್ತದೆ. ಆ ಅಧಿಕಾರದಿಂದ, "ಗ್ರಾಫಿಕ್ಸ್ ಡ್ರೈವರ್, ಅಂದ್ರ ಬಣ್ಣ ತೋರಸೋ ಸಾಫ್ಟ್‌ವೇರು, ಕೆಟ್ಟದ. ತೆಗೆದು ಮತ್ತ ಹಾಕಬೇಕು," ಎಂದು ತೀರ್ಪು ಕೊಟ್ಟು, ತಾವೇ ಕುಳಿತು ತೆಗೆದೂ ಬಿಟ್ಟರು. ಸ್ಕ್ರೀನ್ ಒಮ್ಮೆ ಕಪ್ಪಾಗಿ, ಮತ್ತೆ ಬಂದಾಗ ಅಕ್ಷರಗಳೆಲ್ಲ ಕುಂಬಳಕಾಯಿ ಗಾತ್ರವಾಗಿದ್ದವು. ಕೆಂಪು ಹಾಗೇ ಇತ್ತು.

"ಭಾಳ ಚಲೋ ಆತು," ಎಂದ ಲಾಲಪ್ಪ. "ಇನ್ನ ಚಷ್ಮಾ ಬ್ಯಾಡ ನನಗ."

ತೆಗೆದದ್ದನ್ನು ಮತ್ತೆ ಹಾಕುವಷ್ಟರಲ್ಲಿ ಗುರುರಾಜರ ಹಣೆಯ ಗಂಧ ಬೆವರಿನಲ್ಲಿ ಇಳಿದು ಮೂಗಿಗೆ ಬಂದಿತ್ತು. ಅಕ್ಷರ ಸಣ್ಣವಾದವು; ಧೋತರ ಮಾತ್ರ ಬಿಳಿಯಾಗಲಿಲ್ಲ.

"ಬಿಡ್ರಿ ಸ್ವಾಮಿ, ಫ್ಲೆಕ್ಸಿನ ಮ್ಯಾಲೇ ಕುಂಚದಾಗ ತಿದ್ದಿಬಿಡ್ತೀನಿ ಅಳಿಯಂದ್ರನ್ನ. ಲಾರಿ ಹುಲಿಗೋಳ್ನೇ ತಿದ್ದೀನ್ರಿ."

ಗುರುರಾಜರು ಒಂದು ಕ್ಷಣ ಯೋಚಿಸಿಯೂ ಬಿಟ್ಟರು. ಆಮೇಲೆ ಧೈರ್ಯ ಸಾಲದೆ, ಡಿಸೈನನ್ನೇ ಹೆಂಡತಿ ಸಕ್ಕೂಬಾಯಿಯ ಮೊಬೈಲಿಗೆ ಕಳಿಸಿದರು. ಇಲ್ಲಿ ಚೆಂದ ಕಾಣುವುದನ್ನು ಆಕೆಯೂ ಚೆಂದ ಎಂದರೆ ಅಂಜಿನಪ್ಪನ ಇಂಕಿನ ಮೇಲೆ ಜಗಳ ತೆಗೆಯಬಹುದು. ಫೋನ್ ತಕ್ಷಣ ಬಂತು.

"ಏನ್ರೀ, ಅದೇ ಹಸಿರು ಮಂದೀನ ಮತ್ತ ಕಳ್ಸೀರಲ್ಲ! ಬೀಗರು ಮಂತ್ರಾಲಯಂ ರೋಡು ದಾಟ್ಯಾರಂತ. ಅಲ್ಲೇನ್ ನಿದ್ದಿ ಹೊಡೀಲಿಕತ್ತೀರೇನು?"

ಗುರುರಾಜರು ಕಳಿಸಿದ ಡಿಸೈನನ್ನು ತಮ್ಮ ಮೊಬೈಲಿನಲ್ಲೂ ತೆರೆದು ಸ್ಕ್ರೀನಿನ ಪಕ್ಕ ಹಿಡಿದರು. ಮೊಬೈಲಿನಲ್ಲಿ ವಿಠಲ್ ಹಸಿರು, ಸ್ಕ್ರೀನಿನಲ್ಲಿ ಗೋಧಿ. ಇಂಕೂ ಸರಿಯಿತ್ತು, ಡ್ರೈವರೂ ಸರಿಯಿತ್ತು. ಸುಳ್ಳು ಹೇಳುತ್ತಿದ್ದದ್ದು ಲಾಲಪ್ಪ ಗೋಡೆಯೆಂದು ನಂಬಿದ್ದ ಸ್ಕ್ರೀನೇ.

"ಎರಡು ತಿಂಗಳ ಹಿಂದ ಏನ್ ಮಾಡಿದ್ಯೋ ಇದಕ್ಕ?"

"ಏನಿಲ್ರಿ. ವ್ಯಾಪಾರ ಡಲ್ ಐತಂತ ಗುರುಪಾದಯ್ಯನೋರಿಗೆ ವಾಸ್ತು ಕೇಳ್ದೆ. ಟೀವಿಯಂಥಾದ್ದು ಈಶಾನ್ಯಕ್ಕ ಇರ್ಲಿ ಅಂದ್ರು. ಸರಿಸಿದೆ."

ಮಾನಿಟರ್ ಈಶಾನ್ಯಕ್ಕೆ ಹೋಗಿತ್ತು. ಕಂಪ್ಯೂಟರಿನ ಡಬ್ಬಿ ಇದ್ದಲ್ಲೇ ಇತ್ತು. ನಡುವಿನ ವೈರು ಒಣಹಾಕಿದ ಸೀರೆಯ ಹಗ್ಗದಂತೆ ಬಿಗಿದು ನಿಂತಿತ್ತು. ಹಿಂದೆ ಹಣಕಿದರೆ, ಅದರ ತುದಿ ಅರ್ಧ ಕಳಚಿ, ಆಯುಧಪೂಜೆಯ ಅರಿಷಿಣದ ದಾರದಲ್ಲಿ ಜೋತಾಡುತ್ತಿತ್ತು. ಗುರುರಾಜರು ಟೇಬಲ್ಲಿನ ಕೆಳಗೆ ತೂರಿ ಅದನ್ನು ಒಳಕ್ಕೆ ಒತ್ತಿದರು.

ಮೇಲೆ ಲಾಲಪ್ಪನ ಕುರ್ಚಿ ಕಿರುಗುಟ್ಟಿತು.

"ಏನಾತೋ?"

"ಎಲ್ಲಾರೂ ಹಸಿರಾದ್ರು," ಎಂದ ಲಾಲಪ್ಪ, ಊರಿಗೆ ಪ್ಲೇಗು ಬಂತು ಎನ್ನುವ ದನಿಯಲ್ಲಿ. ಮೌಸ್ ಟಕಟಕ ಎಂದಿತು. "ಕೌತಾಳಂ ಕೂಸಿನ ನಾಮಕರಣ, ಹಸಿರು. ಕೋಸಗಿ ನರಸಣ್ಣನ ಅಂಗಡಿ ಓಪನಿಂಗು, ಹಸಿರು. ಅಯ್ಯಯ್ಯೋ, ಸುಂಕಲಮ್ಮನ ಪುಣ್ಯತಿಥಿ... ಆಕಿ ಹೋಗಿದ್ದು ಹೋದ್ಲು, ಹಿಂಗ್ಯಾಕ ಮಾಡ್ದೆ ನಾನು."

"ಯಾರೂ ಬಂದು ಕೇಳಲಿಲ್ಲೇನು?"

"ಕೇಳ್ತಿದ್ರು. ಅಂಜಿನಪ್ಪನ ಇಂಕ್ ಅಂತಿದ್ದೆ. ಮೊನ್ನೆ ಅವನ ಜೋಡಿ ಮಾತು ಬಿಟ್ಟೀನಿ, ಅದಕ್ಕ."

ಗುರುರಾಜರು ಕೈ ತೆಗೆದರೆ ವೈರು ಕಳಚುತ್ತಿತ್ತು. ಮಾನಿಟರನ್ನು ಹತ್ತಿರ ತಾ ಎಂದರೆ ಲಾಲಪ್ಪ ಒಪ್ಪಲಿಲ್ಲ. ಮಾನಿಟರ್ ಸರಿಸಿದ ಮೇಲೇ ಈ ಮದುವೆಯಂಥ ದೊಡ್ಡ ಆರ್ಡರು ಬಂದದ್ದು. ಹೀಗಾಗಿ ಮದುಮಗಳ ತಂದೆ ರೇಷ್ಮೆ ಧೋತರದಲ್ಲಿ ಟೇಬಲ್ಲಿನ ಕೆಳಗೆ, ಮಾರ್ಕೆಟ್ಟಿನಿಂದ ಹಾರಿ ಬಂದ ಹತ್ತಿಯ ಎಳೆಗಳ ನಡುವೆ, ಕಾಲು ಮಡಿಚಿ ಕುಳಿತು ವೈರು ಹಿಡಿದರು. ಲಾಲಪ್ಪ ಮೇಲೆ ಕುಳಿತು ಒಬ್ಬೊಬ್ಬರ ಮುಖದಿಂದ ಹಸಿರು ಬಳಿದು ತೆಗೆದ. ಅಂಜಿನಪ್ಪನ ಜೊತೆ ಮಾತು ಬಿಟ್ಟಿದ್ದರಿಂದ ಅಲ್ಲಿಗೂ ಗುರುರಾಜರೇ ಓಡಬೇಕಾಯಿತು.

ಹೊಸ ಫ್ಲೆಕ್ಸಿನ ಕೊನೆಯ ಹಗ್ಗವನ್ನು ಲಾಲಪ್ಪ ಏಣಿಯ ಮೇಲೆ ನಿಂತು ಕಟ್ಟುತ್ತಿದ್ದಾಗಲೇ ಬೀಗರ ಗಾಡಿಗಳು ಬಂದು ನಿಂತವು. ಆರತಿ ತಟ್ಟೆ ಹಿಡಿದ ಸಕ್ಕೂಬಾಯಿ ಗಂಡನ ತಲೆಯ ಮೇಲಿನ ಹತ್ತಿಯನ್ನು ಕಣ್ಣಲ್ಲೇ ಬೈದರು. ಬೀಗಿತ್ತಿ ಇಳಿದವರೇ ಮೊದಲು ಮೇಲೆ ನೋಡಿದರು. ಧೋತರ ಬಿಳಿ, ಸೀರೆ ಕೆಂಪು, ಮುಖಗಳು ಮನುಷ್ಯರವು. ಗುರುರಾಜರು ಮನಸ್ಸಿನಲ್ಲೇ ರಾಯರಿಗೆ ಕೈಮುಗಿದರು.

ಬೀಗಿತ್ತಿಯ ಹುಬ್ಬು ಗಂಟಾಯಿತು. ಫ್ಲೆಕ್ಸಿನಲ್ಲಿ ವಿಠಲ್ ಹುಟ್ಟಿದಾಗಿನಿಂದ ಯಾವ ಬಣ್ಣದವನೋ ಅದೇ ಬಣ್ಣದಲ್ಲಿ, ನೇರಳೆ ಹಣ್ಣಿನಂತೆ ಮಿಂಚುತ್ತ ನಿಂತಿದ್ದ.

"ನಮ್ಮ ವಿಠಲನ್ನ ಇಷ್ಟು ಕಪ್ಪು ಮಾಡಿದವರು ಯಾರ್ರೀ?"

ಗುರುರಾಜರು ಏಣಿಯ ಕಡೆ ನೋಡಿದರು. ಏಣಿಯ ಮೇಲಿನ ಲಾಲಪ್ಪ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿ, ಕೆಳಗೆ ನೋಡದೆಯೇ ಹೇಳಿದ:

"ನಾ ಬೋರ್ಡ್ ಅಷ್ಟೇ ಮಾಡಿದ್ದು ತಾಯಿ."