ಅಕ್ಕೋರು ತೂಗಿದ ಮಾತು

ಕಳೆದ ವಾರ ಯರಗಟ್ಟಿಯಲ್ಲಿ ಬಸ್ಸು ಹತ್ತಿದಾಗ ಪಕ್ಕದ ಅಜ್ಜಿಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಅಕ್ಕೋರೇ ಬಂದು ಕುಳಿತಂತಾಯಿತು. ಅವರೂ ಮೊಣಕಾಲಿಗೆ ಅದನ್ನೇ ತಿಕ್ಕಿಕೊಳ್ಳುತ್ತಿದ್ದರು...

ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಅವರು ರಾಮದುರ್ಗದ ಸಮೀಪ, ಮಲಪ್ರಭೆಯ ದಂಡೆಯ ನಮ್ಮೂರಿಗೆ ಬಂದು ನಮ್ಮ ಪಕ್ಕದ ಮನೆಯಲ್ಲಿದ್ದರು. ಊರಿಗೆಲ್ಲ ಅವರು ಅಕ್ಕೋರು. ನಾನು ಅಂಗನವಾಡಿ ಟೀಚರ್. ಅಂಗನವಾಡಿ ಹೊಳೆಗೆ ಹತ್ತಿಕೊಂಡೇ ಇತ್ತು. ಒಂದು ಮಳೆಗಾಲ ನೀರು ಅದರ ಮೆಟ್ಟಿಲವರೆಗೆ ಬಂದು ಹೋದ ಮೇಲೆ ಮಕ್ಕಳನ್ನು ಅಲ್ಲಿ ಕೂರಿಸಲು ನನ್ನ ಜೀವ ಒಪ್ಪಲಿಲ್ಲ. ಮರುವರ್ಷ ಮಳೆಗಾಲಕ್ಕೆ ಮುಂಚೆ, ದಿಬ್ಬದ ಮೇಲಿನ ಮಠದ ಪಡಸಾಲೆ ಕೊಡಿ ಎಂದು ಹಿರಿಯರನ್ನು ಕೇಳಿದೆ.

ಗುಡಿಯ ಕಟ್ಟೆಯ ಮೇಲೆ ಜನ ಸೇರಿದರು. ಮಠದ ಉಸ್ತುವಾರಿ ನೋಡುತ್ತಿದ್ದ ಗೊಬ್ಬರದಂಗಡಿಯ ಸಾವಕಾರರು ಮೊಬೈಲ್ ಎತ್ತಿ ಹಿಡಿದರು.

"ಹವಾಮಾನ ಬದಲಾಗೇತಿ ಅನ್ನೂದ ಸುಳ್ಳು ಅಂತ ಇದರಾಗ ದೊಡ್ಡ ವಿಜ್ಞಾನಿ ಹೇಳ್ಯಾನ. ಹೋದ ವರ್ಷ ಡ್ಯಾಮಿನ ನೀರು ಬಿಟ್ರು, ಹೊಳಿ ಬಂತು. ಅಷ್ಟ."

ಅವರ ತಮ್ಮನ ಮಗನೂ ತನ್ನ ಮೊಬೈಲ್ ತೆಗೆದ. ಇನ್ನು ಕೆಲವೇ ವರ್ಷಗಳಲ್ಲಿ ಇಂಥ ಊರುಗಳೆಲ್ಲ ಮುಳುಗುತ್ತವೆ ಎಂದು ಅದರಲ್ಲಿತ್ತಂತೆ. "ಹೊಲಾ ಮಾರಿ ಹೋಗೂದ ಛಲೋ" ಎಂದ. ಜನ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿದರು. ಮಕ್ಕಳ ಮಾತು ಎಲ್ಲೋ ಕಳೆದುಹೋಯಿತು.

ಅಕ್ಕೋರು ಮೊಣಕಾಲು ಹಿಡಿದುಕೊಂಡು ಎದ್ದರು.

"ಸಾವಕಾರ್ರ, ನಿಮ್ಮ ಕಡೆ ಒಬ್ಬಾಂವ ಅದಾನ. ಈ ಕಡೆ ಸಾವಿರಾರು ವಿಜ್ಞಾನಿಗಳು, ಒಬ್ಬರ ಮಾರಿ ಒಬ್ಬರು ನೋಡದವರು, ತಮ್ಮ ತಮ್ಮ ದೇಶದಾಗ ಅಳದು ನೋಡಿ, ಭೂಮಿ ಬಿಸಿ ಏರಾಕತ್ತೇತಿ ಅಂತಾರ. ಯಾರ ಮಾತು ತೂಕದ್ದು, ನೀವ ಹೇಳ್ರಿ."

ಆಮೇಲೆ ತರುಣನ ಕಡೆ ತಿರುಗಿದರು. "ಹಂಗಂತ ನಮ್ಮೂರು ಮುಳುಗತೈತಿ ಅಂತ ಅವರ್ಯಾರೂ ಹೇಳಿಲ್ಲಪಾ. ಹೋದ ವರ್ಷದ ಹೊಳಿ ಅದರಿಂದನ ಬಂತು ಅಂತ ಹೇಳಾಕ ನನಗೂ ಬರೂದಿಲ್ಲ. ಜೋರ ಮಳಿ ಹೆಚ್ಚಾಗತಾವು ಅನ್ನೂದಕ್ಕ ಮಾತ್ರ ಆಧಾರ ಗಟ್ಟಿ ಐತಿ. ಹೊಲಾ ಮಾರಬ್ಯಾಡ್ರಿ. ಕೂಸುಗಳನ್ನ ಮ್ಯಾಲ ಕಳಸ್ರಿ."

ಸಾವಕಾರರು ಮೊಬೈಲನ್ನು ಕಿಸೆಗೆ ಹಾಕಿಕೊಂಡರು. ನನ್ನ ಮುಖ ನೋಡದೆ, "ಮಠದ ಕೀಲಿ ಮನ್ಯಾಗೈತಿ, ಬಂದು ಇಸ್ಕೊಂಡ ಹೋಗವಾ" ಎಂದರು.

ಆ ವರ್ಷವೂ ಶ್ರಾವಣದಲ್ಲಿ ಹೊಳೆ ಬಂತು. ಹಾಡಹಗಲೇ, ಮಕ್ಕಳು ಮಠದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ, ಕೆಳಗಿನ ಹಳೆಯ ಅಂಗನವಾಡಿಯ ಕಿಟಕಿಯವರೆಗೆ ನೀರು ನಿಂತಿತ್ತು. ಮಕ್ಕಳನ್ನು ಎಣಿಸಿದೆ, ಮತ್ತೆ ಎಣಿಸಿದೆ. ಎಲ್ಲರೂ ಇದ್ದರು. ಗೋಡೆಗೆ ಒರಗಿ ಅತ್ತುಬಿಟ್ಟೆ. ಸಂಜೆ ಅಕ್ಕೋರ ಕೈ ಹಿಡಿದು, "ನೀವು ಹೇಳಿದ್ದ ಖರೇ ಆತ್ರಿ" ಎಂದೆ.

"ನೀರು ಬಂತಂತ ಖರೇ ಆತು ಅನಬ್ಯಾಡವಾ. ಬರದಿದ್ರೂ ಅದು ಖರೇನ ಇರ್ತಿತ್ತು" ಎಂದು ನಕ್ಕರು. "ಕೂಸುಗಳು ಉಳದಾವು, ಅದಕ್ಕ ಖುಷಿ ಪಡು."

ಅಕ್ಕೋರು ಈಗಿಲ್ಲ. ಆ ಮನೆಗೆ ಬೇರೆಯವರು ಬಂದಿದ್ದಾರೆ. ಮೊಬೈಲಿನಲ್ಲಿ ಹೊಸ ಸುದ್ದಿ ಏನಾದರೂ ಬಂದರೆ ಕೇಳಿಬರೋಣವೆಂದು ಕಾಲುಗಳು ಇಂದಿಗೂ ಆ ಕಡೆಗೇ ಹೊರಡುತ್ತವೆ... ಅಂಗಳದಲ್ಲೇ ನಿಂತು, ಅಳೆದವರು ಯಾರು, ಎಷ್ಟು ಮಂದಿ ಎಂದು ನನ್ನನ್ನೇ ಕೇಳಿಕೊಂಡು ಮರಳುತ್ತೇನೆ.

ಇವತ್ತೂ ಮಳೆ ಜೋರಾಗಿದೆ. ದಿಬ್ಬದ ಮೇಲೆ ಮಕ್ಕಳು ಉಂಡು ಮಲಗಿದ್ದಾರೆ. ಅವರ ಪಕ್ಕದಲ್ಲಿ ನಾನೂ ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ.