ಹಿಮ್ಮಡಿ ಸವೆಯದ ಗೈಡಮ್ಮ

ಗೈಡಮ್ಮನಿಗೆ ಅನುಮಾನ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಈಗ ಮಾತ್ರ ಅದು ಮನೆಯೊಳಗೂ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದೆ. ಹಾಲಿನವನು ಅತ್ತ ಹೋದೊಡನೆ ಹಾಲಿಗೆ ಬೆರಳದ್ದಿ ನೋಡುತ್ತಾಳೆ. ತಂದ ತರಕಾರಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುತ್ತಾಳೆ. ಗಂಡ ಸುಮ್ಮನೆ ನಕ್ಕರೂ "ಏನು ಮುಚ್ಚಿಡ್ತಿದೀರಿ?" ಎನ್ನುತ್ತಾಳೆ. ಪಾಪ, ಆ ಮನುಷ್ಯ ನಗುವುದನ್ನೇ ಕಡಿಮೆ ಮಾಡಿದ್ದಾನೆ.

ಮೂವತ್ತೊಂದು ವರ್ಷದ ಹಿಂದಿನ ಮಾತು. ಮ್ಯೂಸಿಯಮ್ಮಿನ ಟಿಕೆಟ್ ಕಿಟಕಿಯ ಗಾಜಿನ ಗೂಡಿನಿಂದ ಬಿಡುಗಡೆಯಾಗಿ, ಗೈಡಿನ ಬಿಲ್ಲೆ ಕೊರಳಿಗೆ ಬಿದ್ದ ಮೊದಲ ವಾರ. ಹಳೆಯ ರಾಜಧಾನಿಯನ್ನು ಒಂದೇ ದಿನದಲ್ಲಿ, ಕಾಲ್ನಡಿಗೆಯಲ್ಲಿ ತೋರಿಸಬೇಕು: ಬೆಳಗ್ಗೆ ಒಂಬತ್ತಕ್ಕೆ ಕೋಟೆ ಬಾಗಿಲಲ್ಲಿ ಶುರು, ಸಂಜೆ ಅರಮನೆಯಲ್ಲಿ ಮುಕ್ತಾಯ. ಎಲ್ಲ ಗೈಡುಗಳ ಹಾಗೆ ಅವಳೂ ಬಾವುಟ ಎತ್ತಿಕೊಂಡು ಮುಂದೆ ನಡೆದಳು. ರಾಣಿಯ ಸ್ನಾನಗೃಹದ ಓಣಿಯಲ್ಲಿ ರಾಜನ ಎರಡನೇ ಮದುವೆಯ ಕಥೆಯನ್ನು ರಸವತ್ತಾಗಿ ಹೇಳಿ ಮುಗಿಸಿ, ಒಬ್ಬರೂ ನಗಲಿಲ್ಲವಲ್ಲ ಎಂದು ತಿರುಗಿದರೆ ಓಣಿಯಲ್ಲಿ ಒಂದು ನಾಯಿ ಬಿಟ್ಟು ಯಾರೂ ಇಲ್ಲ. ಹನ್ನೊಂದು ಜನರನ್ನೂ ಇನ್ನೊಬ್ಬ ಗೈಡು ತಿರುವಿನಲ್ಲೇ ಎಗರಿಸಿಕೊಂಡು ಹೋಗಿದ್ದ. ಆ ನಾಯಿಯೂ ಆಕಳಿಸುತ್ತಿತ್ತು. ಗೈಡಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು.

ಮಾರನೆಯ ದಿನದಿಂದ ಅವಳು ಯಾರಿಗೂ ಬೆನ್ನು ತೋರಿಸಲಿಲ್ಲ. ಮುಖ ಜನರ ಕಡೆ, ನಡಿಗೆ ಹಿಂದಕ್ಕೆ. ಮೆಟ್ಟಿಲು, ತಿರುವು, ಕಿತ್ತುಬಂದ ಕಲ್ಲು ಎಲ್ಲ ಕಾಲಿಗೆ ಬಾಯಿಪಾಠ. ಟಂಕಸಾಲೆಯಿಂದ ಗಡಿಯಾರದ ಗೋಪುರಕ್ಕೆ ಇನ್ನೂರ ಹನ್ನೆರಡು ಹೆಜ್ಜೆ, ನಡುವೆ ಮೂರು ಚರಂಡಿ. ನಿಂತಲ್ಲೆಲ್ಲ ತಲೆ ಎಣಿಸುವುದು, ಆಮೇಲೆ ಕಥೆ. ಉಳಿದ ಗೈಡುಗಳು 'ರಿವರ್ಸ್ ಅಕ್ಕ' ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ, ಅವಳ ಜನ ಮಾತ್ರ ಒಬ್ಬರೂ ಕಳೆದುಹೋಗಲಿಲ್ಲ.

ಹೀಗಿರುವಾಗ ಕಚೇರಿಯಿಂದ ಒಂದು ಕಾಗದ ಬಂತು. ಐವತ್ತೆಂಟು ದಾಟಿದ ಗೈಡುಗಳನ್ನು ಈ ತಿಂಗಳು ಪರೀಕ್ಷೆ ಮಾಡುತ್ತಾರಂತೆ. ಪರೀಕ್ಷಕರು ಗುರುತು ಹೇಳದೆ ಪ್ರವಾಸಿಗರೊಳಗೆ ಸೇರಿ ಬರುತ್ತಾರೆ. ಐದು ಗಂಟೆಗೆ ಅರಮನೆಯ ಬಾಗಿಲು ಮುಚ್ಚುವುದರೊಳಗೆ ಬಂದವರೆಲ್ಲ ಒಳಗಿರಬೇಕು; ಒಬ್ಬರು ಹೊರಗುಳಿದರೂ ಗೈಡನ್ನು ಟಿಕೆಟ್ ಕಿಟಕಿಗೆ ವಾಪಸ್ಸು ಕಳಿಸಲಾಗುವುದು. ಗೈಡಮ್ಮನಿಗೆ ಐವತ್ತೊಂಬತ್ತು. ಆ ಗಾಜಿನ ಗೂಡು ನೆನೆದರೇ ಅವಳಿಗೆ ಉಸಿರು ಕಟ್ಟುತ್ತದೆ. ಅಲ್ಲಿ ದಿನವಿಡೀ ಕಾಣುವುದು ಕೈಗಳು ಮಾತ್ರ, ಒಂದು ಮುಖವೂ ಇಲ್ಲ.

ಆ ಬುಧವಾರ ಕೋಟೆ ಬಾಗಿಲಲ್ಲಿ ಹದಿನಾಲ್ಕು ಜನ ಸೇರಿದರು. ಗೈಡಮ್ಮ ಒಬ್ಬೊಬ್ಬರನ್ನೂ ಕಣ್ಣಲ್ಲೇ ಜಾಲಿಸಿದಳು. ಹೂವಿನ ಕೊಡೆ ಹಿಡಿದ ಹೆಂಗಸೊಬ್ಬಳು ಬಂದವಳೇ "ಅಕ್ಕಾ, ನಿಮ್ಮ ದನಿ ಎಷ್ಟು ಚೆನ್ನಾಗಿದೆ" ಎಂದು ಒಂದು ಪೆಪ್ಪರಮಿಂಟು ಕೊಟ್ಟಳು. ಗೈಡಮ್ಮ ಅದನ್ನು ಮೂಸಿ ನೋಡಿಯೇ ಬಾಯಿಗೆ ಹಾಕಿಕೊಂಡಳು, ಆದರೂ ಹೆಂಗಸು ಒಳ್ಳೆಯವಳು ಅನ್ನಿಸಿತು. ಅನ್ನಿಸಬಾರದಿತ್ತು.

ಅವಳ ಕಣ್ಣು ನೆಟ್ಟಿದ್ದು ಕಂದು ಟೊಪ್ಪಿಯವನ ಮೇಲೆ. ವಯಸ್ಸು ಅರವತ್ತರ ಆಸುಪಾಸು, ಕಿಸೆಯಲ್ಲಿ ಪುಟ್ಟ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್ಲು. ಕೋಟೆಯ ಬಾಗಿಲು ಮೂವತ್ತು ಅಡಿ ಎತ್ತರ. ಎಲ್ಲರೂ ಕತ್ತೆತ್ತಿ ನೋಡಿದರೆ ಈ ಮಹಾನುಭಾವ ಕತ್ತು ಬಗ್ಗಿಸಿ ಗೈಡಮ್ಮನ ಪಾದ ನೋಡುತ್ತಿದ್ದಾನೆ. ನೋಡಿ ಏನೋ ಗೀಚಿಕೊಂಡ. ಇವನೇ, ಅನುಮಾನವೇ ಇಲ್ಲ, ಎಂದುಕೊಂಡಳು. ಅವಳ ಬಾಯಲ್ಲಿ ಇಂಥ ಮಾತು ಬರುವುದೇ ಅಪರೂಪ.

ಟಂಕಸಾಲೆಯಲ್ಲಿ ಪರೀಕ್ಷೆ ಮಾಡಿಯೇಬಿಡೋಣ ಎಂದು, "ಯಜಮಾನ್ರೆ, ಮೇಲೆ ನಾಣ್ಯದ ಅಚ್ಚಿನ ಯಂತ್ರ ಇದೆ, ಹತ್ತಿ ನೋಡ್ಕೊಂಡ್ ಬನ್ನಿ" ಎಂದಳು.

"ಬೇಡಮ್ಮ. ನಾನು ಇಲ್ಲೇ ಚೆನ್ನಾಗಿ ನೋಡ್ತಿದೀನಿ."

"ಇಲ್ಲಿ ನೋಡೋಕೆ ಏನಿದೆ?"

"ಅದೂ... ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ಪ್ರಶ್ನೆಗಳೆಲ್ಲ ಕೊನೇಲಿ," ಎಂದು ಗೈಡಮ್ಮ ಕತ್ತರಿಸಿದಳು.

ಅಲ್ಲಿಂದ ಮುಂದೆ ಅವಳಿಗೆ ಊರೂ ಕಾಣಲಿಲ್ಲ, ರಾಜನೂ ಕಾಣಲಿಲ್ಲ. ಬಾಯಿ ತನ್ನಷ್ಟಕ್ಕೆ ಕಥೆ ಹೇಳುತ್ತಿತ್ತು, ಕಣ್ಣು ಕಂದು ಟೊಪ್ಪಿಗೆ ಅಂಟಿಕೊಂಡಿತ್ತು. ಮೂರನೇ ಚರಂಡಿ ದಾಟುವಾಗ ಅವನು ಕುಕ್ಕರಗಾಲಲ್ಲಿ ಕೂತು, ಧೂಳಿನಲ್ಲಿ ಮೂಡಿದ್ದ ಅವಳ ಹೆಜ್ಜೆಗೆ ಗೇಣು ಹಾಕಿ ಅಳೆದ. ಚರಂಡಿ ದಾಟುವಾಗ ಕಾಲು ನಡುಗಿತೋ ಇಲ್ಲವೋ ಅಂತ ಅಳೆಯುತ್ತಿದ್ದಾನೆ, ಪಾಪಿ. ಅವಳು ಇನ್ನೂ ಠೀವಿಯಿಂದ ಹೆಜ್ಜೆ ಇಟ್ಟಳು. ಆ ಠೀವಿಯ ಗಡಿಬಿಡಿಯಲ್ಲಿ ಗಡಿಯಾರದ ಗೋಪುರದ ಬುಡದಲ್ಲಿ ತಲೆ ಎಣಿಸುವುದು ಮರೆತುಹೋಯಿತು. ಸ್ನಾನಗೃಹದಲ್ಲೂ ಎಣಿಸಲಿಲ್ಲ.

ಅರಮನೆಯ ಬಾಗಿಲಿಗೆ ಬಂದಾಗ ಐದಕ್ಕೆ ಇಪ್ಪತ್ತೈದು ನಿಮಿಷ ಇತ್ತು. ಗೆದ್ದೆ ಎಂದುಕೊಂಡು ಎಣಿಸಿದಳು. ಹದಿಮೂರು. ಇನ್ನೊಮ್ಮೆ ಎಣಿಸಿದಳು. ಹೂವಿನ ಕೊಡೆ ಎಲ್ಲೂ ಇಲ್ಲ.

"ಕೊಡೆಯವರನ್ನ ಯಾರಾದ್ರೂ ನೋಡಿದ್ರಾ?" ಎಂದು ಕೇಳಿದರೆ ಎಲ್ಲರೂ ಪಿಳಿಪಿಳಿ ಕಣ್ಣು ಬಿಟ್ಟರು. ಕಂದು ಟೊಪ್ಪಿಯವನೊಬ್ಬ ಮಾತ್ರ ಕೆಮ್ಮಿದ.

"ಬೂದಿ ಬಣ್ಣದ ಶೂ, ಎಡಗಾಲು ಒತ್ತಿ ನಡೀತಾರೆ, ಅವರು ತಾನೇ? ಗಡಿಯಾರದ ಗೋಪುರದ ಹತ್ರಾನೇ ನಿಂತುಬಿಟ್ರು. ಅಲ್ಲಿಂದ ಈಚೆಗೆ ಆ ಶೂ ನಾನು ನೋಡಿಲ್ಲ."

"ಆಗ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

"ಪ್ರಶ್ನೆಗಳೆಲ್ಲ ಕೊನೇಲಿ ಅಂದ್ರಲ್ಲಮ್ಮ."

ಗೋಪುರಕ್ಕೆ ನೇರ ದಾರಿಯಲ್ಲಿ ಹತ್ತು ನಿಮಿಷ, ವಾಪಸ್ಸು ಹತ್ತು. ಹಿಂದಕ್ಕೆ ನಡೆದರೆ ಅದು ಆಗುವ ಕೆಲಸವಲ್ಲ. ಇಷ್ಟು ಜನರನ್ನು ಎಳೆದುಕೊಂಡು ಹೋದರೂ ಆಗುವುದಿಲ್ಲ. ಬಿಟ್ಟು ಹೋದರೆ? ಬೆನ್ನು ತಿರುಗಿಸಿದ ಕೂಡಲೇ ಅರ್ಧ ಜನ ಬಳೆ ಅಂಗಡಿಗೆ, ಅರ್ಧ ಜನ ಬಸ್ಸಿಗೆ. ಗೈಡಮ್ಮನಿಗೆ ಆ ಖಾಲಿ ಓಣಿ, ಆ ನಾಯಿ ಕಣ್ಣ ಮುಂದೆ ಬಂತು. ನಂಬಲು ಸಿಕ್ಕವನಾದರೂ ಯಾರು, ಬೆಳಗಿನಿಂದ ತನ್ನ ಜೀವ ಹಿಂಡುತ್ತಿರುವ ಈ ಕಂದು ಟೊಪ್ಪಿ.

"ನೀವು ಪರೀಕ್ಷಕರೇ ಇರಬಹುದು," ಎಂದಳು ಹಲ್ಲು ಕಚ್ಚಿಕೊಂಡು. "ಇದನ್ನೂ ಬರ್ಕೊಳ್ಳಿ. ಆದ್ರೆ ನಾನು ಬರೋ ತನಕ ಇವರಲ್ಲಿ ಒಬ್ರೂ ಕದಲಬಾರದು."

"ಪರೀಕ್ಷಕನಾ?" ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಗೈಡಮ್ಮ ತಿರುಗಿ ಓಡಿದ್ದಳು. ಮುಂದಕ್ಕೆ ಓಡುವುದು ಅಭ್ಯಾಸ ತಪ್ಪಿ ಮೊದಲ ಕಂಬಕ್ಕೇ ಭುಜ ತಾಗಿತು. ಬೆನ್ನಿನ ಮೇಲೆ ಯಾರದೋ ಕಣ್ಣಿದೆ ಎಂದು ದಾರಿಯುದ್ದಕ್ಕೂ ಚುಳುಚುಳು ಎನ್ನುತ್ತಿತ್ತು.

ಹೂವಿನ ಕೊಡೆಯವಳು ಗೋಪುರದ ಕಟ್ಟೆಯ ಮೇಲೆ ಆರಾಮವಾಗಿ ಕೂತಿದ್ದಳು, ಮಡಿಲಲ್ಲಿ ಕಚೇರಿಯ ಮೊಹರಿನ ಕಾಗದ. "ಒಂದೂವರೆ ಗಂಟೆ ಆಯ್ತು ಅಕ್ಕ," ಎಂದಳು, ಅದೇ ಪೆಪ್ಪರಮಿಂಟಿನ ದನಿಯಲ್ಲಿ. ಗೈಡಮ್ಮನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಅನುಮಾನ ಪಡದೆ ಬಿಟ್ಟ ಒಬ್ಬಳೇ ಒಬ್ಬಳು ಇವಳು.

"ಬಯ್ಯೋದು ಅಲ್ಲಿ ಬಯ್ಯಿ ತಾಯಿ. ಈಗ ಏಳು, ಬಾಗಿಲು ಹಾಕ್ತಾರೆ."

ಇಬ್ಬರೂ ಏದುಸಿರು ಬಿಡುತ್ತಾ ಬಂದಾಗ ಐದಕ್ಕೆ ಮೂರು ನಿಮಿಷ. ಗೈಡಮ್ಮ ಹೆದರುತ್ತಲೇ ತಲೆ ಎತ್ತಿದಳು. ಹನ್ನೆರಡು ಜನ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಒಬ್ಬರ ಎಡಗಾಲಲ್ಲೂ ಪಾದರಕ್ಷೆ ಇಲ್ಲ. ಕಂದು ಟೊಪ್ಪಿಯವನ ಮುಂದೆ ಹನ್ನೆರಡು ಎಡಗಾಲಿನ ಶೂಗಳು. ಒಂದೊಂದನ್ನೇ ಎತ್ತಿ ಅದರ ಅಟ್ಟೆ ನೋಡಿ, ಅದರ ಒಡೆಯ ಹೇಗೆ ಮೆಟ್ಟಿಲು ಹತ್ತುತ್ತಾನೆ, ಯಾವ ಕೈಯಲ್ಲಿ ಚೀಲ ಹಿಡಿಯುತ್ತಾನೆ ಎಂದು ಹೇಳುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

"ಎಡಗಾಲಿನದ್ದು ನನ್ನ ಹತ್ರ ಇದ್ರೆ ಎಲ್ಲಿಗೆ ಹೋಗ್ತಾರಮ್ಮ?" ಎಂದ.

ಐದು ಹೊಡೆಯುವಾಗ ಹದಿನಾಲ್ಕು ಜನವೂ ಬಾಗಿಲಿನ ಒಳಗಿದ್ದರು, ಒಬ್ಬರಿಬ್ಬರ ಲೇಸು ಕಟ್ಟಿರಲಿಲ್ಲ ಅಷ್ಟೇ. ಕೊಡೆಯವಳು ಕಾಗದ ತೆಗೆದು, "ನನ್ನನ್ನ ಕಳ್ಕೊಂಡಿದ್ದು ಬರೀತೀನಿ ಅಕ್ಕ. ವಾಪಸ್ಸು ಬಂದು ಹುಡುಕಿದ್ದೂ ಬರೀತೀನಿ. ಕಿಟಕಿಗೆ ಹೋಗೋದು ಬೇಡ, ದಾರೀಲೇ ಇರಿ," ಎಂದಳು. ಗೈಡಮ್ಮ ಆ ಕಾಗದವನ್ನು ಇಸಿದುಕೊಂಡು ಎರಡು ಸಲ ಓದಿ, ಮೊಹರನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕಂದು ಟೊಪ್ಪಿಯವನು ಹಿಂದೆಯೇ ನಿಂತಿದ್ದ.

"ನಾನು ಪೇಟೆ ಬೀದಿ ಕೊನೇಲಿ ಶೂ ರಿಪೇರಿ ಅಂಗಡಿ ಇಟ್ಟಿರೋನು. ಒಂಬತ್ತು ವರ್ಷದಿಂದ ನಿಮ್ಮ ಯಜಮಾನ್ರು ಒಂದು ಜೊತೆ ತರ್ತಾರೆ. ಮುಂದಿನ ತುದಿ ಸವೆದು ತೂತು, ಹಿಮ್ಮಡಿ ಮಾತ್ರ ಅಂಗಡಿಯಿಂದ ತಂದ ಹಾಗೆ. ಯಾರದ್ದು ಅಂತ ಕೇಳಿದ್ರೆ ಹೇಳೋದೇ ಇಲ್ಲ, ನಗ್ತಾರೆ. ಇದು ರಾತ್ರಿ ಗೋಡೆ ಹತ್ತೋರ ಕಾಲು ಅಂತ ನಂಗೆ ಅನುಮಾನ. ತಡೀಲಾರದೆ ಮೊನ್ನೆ ಅವರ ಹಿಂದೆ ಬಂದು ಮನೆ ನೋಡ್ಕೊಂಡೆ, ನೀವು ಗೈಡು ಅಂತ ತಿಳೀತು, ಇವತ್ತು ಅಂಗಡಿ ಮುಚ್ಚಿ ಟಿಕೆಟ್ ತಗೊಂಡೆ."

ಗೈಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ದೊಡ್ಡ ಊರಿನಲ್ಲಿ ತನ್ನ ಜಾತಕದವನು ಇನ್ನೊಬ್ಬನಿದ್ದಾನೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಈಗ ಹೇಳಿ," ಎಂದ ಅವನು, ಪುಸ್ತಕ ಬಿಚ್ಚಿ ಪೆನ್ಸಿಲ್ಲು ತೆಗೆದು. "ಇನ್ಮೇಲೆ ಮುಂದಕ್ಕೆ ನಡೀತೀರೋ, ಹಿಂದಕ್ಕೋ? ಅಟ್ಟೆ ಎಲ್ಲಿ ದಪ್ಪ ಹಾಕ್ಲಿ?"

ಗೈಡಮ್ಮ ಒಳಗಿನ ಅಂಗಳದಲ್ಲಿ ನಿಂತ ಜನರ ಕಡೆ ನೋಡಿದಳು. ಅಲ್ಲಿಂದ ಒಬ್ಬರೂ ಹೋಗಿರಲಿಲ್ಲ. ಅವಳು ಅರಮನೆಯ ಕಥೆ ಶುರು ಮಾಡಲೆಂದು ಕಾಯುತ್ತಿದ್ದರು.

"ಎರಡೂ ಕಡೆ ಹಾಕಿ," ಎಂದಳು.